ಹನ್ನೆರಡರ ಕಿವಿಗೆ ಇಷ್ಟು ಭಾರದ ಹಾಡು ಬೇಕಾ?

ಈ ವಾರ ಇನ್‌ಬಾಕ್ಸ್‌ಗೆ ಬಂದ ಪ್ರಶ್ನೆ: ‘ಅಕ್ಕನ ಮಗಳಿಗೆ ಈಗಷ್ಟೇ ಹನ್ನೆರಡು ತುಂಬಿದೆ. ನನ್ನ ಸ್ಪಾಟಿಫೈ ಅಕೌಂಟಲ್ಲೇ ಹಾಡು ಕೇಳ್ತಾಳೆ. ಹಿಸ್ಟರಿ ನೋಡಿದ್ರೆ ಬರೀ ಬಿಲ್ಲಿ ಐಲಿಶ್. ಸಾವು, ಒಂಟಿತನ, ಕೆಟ್ಟ ಕನಸು! ಅಕ್ಕನಿಗೆ ಹೇಳಲಾ, ಬ್ಲಾಕ್ ಮಾಡಲಾ?’

ನಮ್ಮಲ್ಲಿ ಎಷ್ಟೋ ಜನರ ಕಥೆ ಇದೇ. ನಾವಿನ್ನೂ ಅಪ್ಪ-ಅಮ್ಮ ಆಗಿಲ್ಲ. ಆದ್ರೆ ಮನೆಯ ಚಿಕ್ಕಮ್ಮ, ಮಾವ, ದೊಡ್ಡಣ್ಣ ನಾವೇ. ಮಕ್ಕಳು ಏನು ಕೇಳ್ತಾರೆ ಅನ್ನೋದು ಅವರ ಅಮ್ಮನಿಗಿಂತ ಮೊದಲು ನಮಗೇ ಗೊತ್ತಾಗುತ್ತೆ.

ಮೊದಲು ಬಿಲ್ಲಿ ವಿಷಯ. ಈಕೆ ಹುಟ್ಟಿದ್ದು 2001ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಹೆಸರು ತಂದುಕೊಟ್ಟ ‘ಓಷನ್ ಐಸ್’ ಹಾಡು ಇಂಟರ್ನೆಟ್‌ಗೆ ಬಂದಾಗ ಆಕೆಗೆ ಬರೀ 13 ವರ್ಷ. 2019ರ ಮೊದಲ ಆಲ್ಬಂ ಬಹುಪಾಲು ರೆಕಾರ್ಡ್ ಆಗಿದ್ದು ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಮರುವರ್ಷ ಗ್ರ್ಯಾಮಿಯ ನಾಲ್ಕು ದೊಡ್ಡ ಪ್ರಶಸ್ತಿಗಳನ್ನೂ ಒಂದೇ ರಾತ್ರಿ ಗೆದ್ದಾಗ ವಯಸ್ಸು 18. ಅಂದ್ರೆ ದೊಡ್ಡವರು ಕೂತು ಮಕ್ಕಳಿಗಾಗಿ ಬರೆದ ದುಃಖ ಅಲ್ಲ ಇದು. ಆ ವಯಸ್ಸಿನವರೇ ತಮ್ಮ ಮಾತಲ್ಲಿ ಹೇಳಿಕೊಂಡಿದ್ದು. ಮಕ್ಕಳಿಗೆ ಅಷ್ಟು ಬೇಗ ತಾಗೋದು ಅದಕ್ಕೇ.

ಲೇಬಲ್ ಹೇಳದ ವಿಷಯ

‘ಆ್ಯಪ್‌ನಲ್ಲಿ ಎಕ್ಸ್‌ಪ್ಲಿಸಿಟ್ ಫಿಲ್ಟರ್ ಆನ್ ಮಾಡಿದ್ರೆ ಸಾಕಲ್ವಾ?’ ಅಂತ ಕೇಳ್ತೀರಿ. ಸಾಕಾಗಲ್ಲ. ಆ ಲೇಬಲ್ಲಿನ ಮೂಲ 1985ರ ಅಮೆರಿಕದಲ್ಲಿದೆ. ಹಾಡಿನ ಸಾಹಿತ್ಯ ಕೆಟ್ಟುಹೋಯ್ತು ಅಂತ ವಾಷಿಂಗ್ಟನ್‌ನ ಕೆಲವು ತಾಯಂದಿರು ಎದ್ದು ನಿಂತ ಮೇಲೆ ಬಂದ ವ್ಯವಸ್ಥೆ ಅದು. ಅದು ನೋಡೋದು ಮುಖ್ಯವಾಗಿ ಬೈಗುಳ, ಲೈಂಗಿಕತೆ, ಹಿಂಸೆ. ಒಂದೂ ಕೆಟ್ಟ ಪದ ಇಲ್ಲದೆ ‘ಬದುಕೇ ಬೇಡ’ ಅನ್ನೋ ಹಾಡು ಆ ಜರಡಿಯಲ್ಲಿ ಸಲೀಸಾಗಿ ದಾಟಿಬಿಡುತ್ತೆ.

ಹೆಸರು ನೋಡಿ ತೀರ್ಮಾನ ಮಾಡೋದೂ ಕಷ್ಟ. ಬಿಲ್ಲಿಯ ‘ಝ್ಯಾನಿ’ ಅನ್ನೋ ಹಾಡಿನ ಹೆಸರು ಒಂದು ಮಾತ್ರೆಯದ್ದು. ಹಾಡು ಹೇಳೋದು ಮಾತ್ರ ನನಗೆ ಆ ನಶೆ ಬೇಡ ಅಂತ.

ಭಾರದ ಹಾಡು ಜೀವ ಉಳಿಸಬಹುದು

2017ರಲ್ಲಿ ಲಾಜಿಕ್ ಅನ್ನೋ ಅಮೆರಿಕನ್ ರ್‍ಯಾಪರ್ ಆತ್ಮಹತ್ಯೆ ತಡೆ ಸಹಾಯವಾಣಿಯ ನಂಬರನ್ನೇ ಹೆಸರಾಗಿಟ್ಟು ಒಂದು ಹಾಡು ಮಾಡಿದ. ಸಾಯಬೇಕು ಅನ್ನೋ ಹುಡುಗನ ದನಿಯಲ್ಲಿ ಶುರುವಾಗೋ ಹಾಡು ಅದು. ಬಹಳಷ್ಟು ಅಮ್ಮಂದಿರು ತಕ್ಷಣ ಆಫ್ ಮಾಡುವಂಥದ್ದು. ಆದ್ರೆ 2021ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಆ ಹಾಡಿನ ಬಗ್ಗೆ ಜನ ಅತಿ ಹೆಚ್ಚು ಮಾತಾಡಿದ 34 ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ ಸುಮಾರು 9,900 ಕರೆ ಹೆಚ್ಚು ಬಂದಿದ್ದವು. ಆತ್ಮಹತ್ಯೆ ಸುಮಾರು 245 ಕಡಿಮೆ. ಎಲ್ಲಾ ಹಾಡಿನಿಂದಲೇ ಅಂತ ಸಾಬೀತಾಗಿಲ್ಲ, ನಿಜ. ಆದ್ರೂ ಗಮನಿಸಿ: ಆ ಹಾಡು ನೋವಲ್ಲೇ ನಿಲ್ಲಲ್ಲ, ಸಹಾಯ ಕೇಳಿ ಹೊರಗೆ ಬರೋ ತನಕ ಹೋಗುತ್ತೆ.

ಹಾಡಿಗಿಂತ ಹಾಡಿನ ನಂತರ

ಹದಿಹರೆಯದವರು ಸಂಗೀತವನ್ನು ಹೇಗೆ ಬಳಸ್ತಾರೆ ಅಂತ ಅಳೆಯೋಕೆ 2015ರಲ್ಲಿ ಫಿನ್ಲೆಂಡ್‌ನ ಸುವಿ ಸಾರಿಕಲ್ಲಿಯೊ, ಆಸ್ಟ್ರೇಲಿಯಾದ ಕತ್ರಿನಾ ಮೆಕ್‌ಫೆರನ್ ಮತ್ತು ಸಂಗಡಿಗರು 13 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು. ಅದರಲ್ಲಿ ‘ಯಾವ ಹಾಡು’ ಅನ್ನೋ ಪ್ರಶ್ನೆಯೇ ಇಲ್ಲ. ಕೇಳಿದ ಮೇಲೆ ಹಗುರ ಅನಿಸುತ್ತಾ, ಇನ್ನಷ್ಟು ಕುಸಿದಂತೆ ಅನಿಸುತ್ತಾ? ಗೆಳೆಯರ ಜೊತೆ ಸೇರೋಕೆ ಹಾಡಾ, ಎಲ್ಲರಿಂದ ಅಡಗಿಕೊಳ್ಳೋಕೆ ಹಾಡಾ? ಪ್ರಶ್ನೆಗಳು ಈ ಥರದವು.

ಅದನ್ನೇ ಮನೆಯಲ್ಲಿ ನೋಡಿ. ಹಾಡು ಕೇಳಿ ಅತ್ತು, ಆಮೇಲೆ ಬಂದು ದೋಸೆಗೆ ಇನ್ನೊಂದು ಸ್ವಲ್ಪ ಚಟ್ನಿ ಕೇಳೋ ಹುಡುಗಿ ಬಗ್ಗೆ ಅಷ್ಟು ಚಿಂತೆ ಬೇಡ. ಒಂದೇ ಹಾಡು ರಾತ್ರಿ ಎರಡು ಗಂಟೆವರೆಗೂ ಲೂಪಲ್ಲಿ, ಬಾಗಿಲು ಹಾಕಿದ್ದು ಹಾಕಿದ ಹಾಗೇ, ಊಟ ಬಿಟ್ಟಿದ್ದಾಳೆ, ಫ್ರೆಂಡ್ಸ್ ಫೋನ್ ಎತ್ತಲ್ಲ ಅಂದ್ರೆ ವಿಚಾರಿಸಲೇಬೇಕು. ಆಟೊಪ್ಲೇ ಬೇರೆ ಇದೆಯಲ್ಲ. ಒಂದು ದುಃಖದ ಹಾಡು ಮುಗಿದ್ರೆ ಅದೇ ಥರದ್ದು ಇನ್ನೊಂದನ್ನ ತಾನೇ ತಂದಿಡುತ್ತೆ. ಬ್ಲಾಕ್ ಮಾಡೋದಾದ್ರೆ ಹಾಡಿಗಿಂತ ಮೊದಲು ಆಟೊಪ್ಲೇ ಆಫ್ ಮಾಡಿ.

ಹಾಗಂತ ಎಲ್ಲಕ್ಕೂ ಹ್ಞೂಂ ಅನ್ನಬೇಕಿಲ್ಲ. ಮೈಗೆ ಗಾಯ ಮಾಡಿಕೊಳ್ಳೋದನ್ನ, ಸಾಯೋದನ್ನ ಚೆಂದ ಅಂತ ತೋರಿಸೋ ಹಾಡಿಗೆ ‘ಇದು ಈಗ ಬೇಡ ಪುಟ್ಟಾ’ ಅನ್ನಿ. ಕಾರಣನೂ ಹೇಳಿ. ಕಾರಣ ಹೇಳದೆ ಬ್ಲಾಕ್ ಮಾಡಿದ್ರೆ ಅವಳು ಫ್ರೆಂಡ್ ಫೋನಲ್ಲಿ ಕೇಳ್ತಾಳೆ. ನಿಮಗೆ ಗೊತ್ತಾಗೋ ದಾರಿಯೂ ಮುಚ್ಚಿಹೋಗುತ್ತೆ.

ಹಾಗಾದ್ರೆ ಪ್ರಶ್ನೆಗೆ ಉತ್ತರ: ಬ್ಲಾಕ್ ಬೇಡ. ಅವಳಿಗೆ ಗೊತ್ತಿಲ್ಲದ ಹಾಗೆ ಹಿಸ್ಟರಿಯ ಸ್ಕ್ರೀನ್‌ಶಾಟ್ ಅಕ್ಕನಿಗೆ ಕಳಿಸೋದೂ ಬೇಡ. ಮೊದಲು ಇಯರ್‌ಫೋನಿನ ಒಂದು ತುದಿ ನೀವು ಹಾಕಿಕೊಂಡು ‘ನಿಂಗೆ ಇದರಲ್ಲಿ ಯಾವ ಸಾಲು ಇಷ್ಟ?’ ಅಂತ ಕೇಳಿ. ‘ಮ್ಯೂಸಿಕ್ ಚೆನ್ನಾಗಿದೆ’ ಅಂದ್ರೆ ಸರಿ. ‘ನಂಗೂ ಹಿಂಗೇ ಅನ್ಸುತ್ತೆ’ ಅಂದ್ರೆ ಗಾಬರಿ ಬೀಳದೆ ‘ಯಾವಾಗಿಂದ?’ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಅವಳಿಗೆ ಹೇಳಿಯೇ ಅಕ್ಕನ ಜೊತೆ ಮಾತಾಡಿ. ಸಾಯೋ ಮಾತು ಬಂದ್ರೆ ಮಾತ್ರ ಕಾಯಬೇಡಿ, ಅವತ್ತೇ ಅಕ್ಕನಿಗೆ ತಿಳಿಸಿ, ಅವಳನ್ನ ಒಬ್ಬಳೇ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ.