ಬೆಕ್ಕಿನ ತುರಿಕೆಗೆ ನಮ್ಮ ಕೈಮದ್ದು ಬೇಡ

ನಮ್ಮವರು ಊರು ಬಿಟ್ಟು ಮುಂಬಯಿಗೆ ಬರುವಾಗ ಹಾಸಿಗೆ, ಪಾತ್ರೆಗಳ ಜೊತೆಗೆ ಅಜ್ಜಿಯ ಮದ್ದಿನ ಗಂಟನ್ನೂ ಕಟ್ಟಿಕೊಂಡು ಬಂದರು. ಅದು ಒಳ್ಳೆಯದೇ. ಶೀತಕ್ಕೆ ಮೆಣಸಿನ ಕಷಾಯ, ಮೈ ತುರಿಕೆಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ನಮಗೆ ಎಷ್ಟೋ ಸಲ ಉಪಕಾರ ಮಾಡಿವೆ. ಆದರೆ ಅದೇ ಗಂಟನ್ನು ಮನೆಯ ಬೆಕ್ಕಿನ ಮೇಲೂ ಬಿಚ್ಚುವ ಚಾಳಿಗೆ ನಮ್ಮ ಸ್ಪಷ್ಟ ವಿರೋಧವಿದೆ.

ಬೆಕ್ಕು ಎರಡು ದಿನ ಮೈ ಕೆರೆದುಕೊಂಡರೆ ಸಾಕು, ಮಾಳಿಗೆಗೊಬ್ಬ ವೈದ್ಯರು ಹುಟ್ಟಿಕೊಳ್ಳುತ್ತಾರೆ. ಕರ್ಪೂರದೆಣ್ಣೆ ತಿಕ್ಕಿ ಎನ್ನುವವರು ಒಬ್ಬರು. ಬಕೆಟ್ಟಿಗೆ ಒಂದು ಮುಚ್ಚಳ ಫಿನಾಯಿಲ್ ಹಾಕಿ ಮೀಯಿಸಿ ಎನ್ನುವವರು ಇನ್ನೊಬ್ಬರು. ಗೋಣಿಯಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟು ಬನ್ನಿ ಎನ್ನುವ ಮಹಾನುಭಾವರಿಗೂ ಕೊರತೆಯಿಲ್ಲ.

ಬೇರೆಯವರನ್ನು ದೂರಿ ನಾವು ಜಾಣರಾಗಬೇಕಿಲ್ಲ. ಒಂದು ಮಳೆಗಾಲದಲ್ಲಿ ನಮ್ಮ ಪುಟ್ಟಿ ಬಾಲದ ಬುಡವನ್ನು ಕಚ್ಚಿ ಕಚ್ಚಿ ಕೂದಲು ಕಿತ್ತುಕೊಂಡಿತು. ಪಕ್ಕದ ಮನೆಯಲ್ಲಿ ನಾಯಿಗೆಂದು ತಂದಿದ್ದ ಚಿಗಟದ ಪುಡಿ ಇತ್ತು. ನಾಯಿಗೆ ಆಗುವುದು ಬೆಕ್ಕಿಗೆ ಆಗದೇ ಎಂದು ಕೈತುಂಬ ಉದುರಿಸಿದೆವು. ಸಂಜೆಗೆ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು, ಮೈ ನಡುಗಿತು, ರಾತ್ರಿ ಸೆಟೆದುಕೊಂಡಿತು. ಬೆಳಗಾಗುವಷ್ಟರಲ್ಲಿ ಪುಟ್ಟಿ ಇರಲಿಲ್ಲ. ಕೊಂದದ್ದು ರೋಗವಲ್ಲ, ನಾವು.

ಆ ಪುಡಿಯಲ್ಲಿದ್ದದ್ದು ಪರ್ಮೆಥ್ರಿನ್. ಮನುಷ್ಯರ ಕಜ್ಜಿಗೆ ಕೊಡುವ ಮುಲಾಮಿನಲ್ಲೂ ಅದೇ ಇರುತ್ತದೆ. ನಾಯಿ ತಾಳಿಕೊಳ್ಳುತ್ತದೆ, ನಾವೂ ತಾಳಿಕೊಳ್ಳುತ್ತೇವೆ. ಬೆಕ್ಕಿನ ಯಕೃತ್ತಿಗೆ ಮಾತ್ರ ಇಂಥ ಹಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ತೀರ ಕಡಿಮೆ. ಫಿನಾಯಿಲೂ ಕರ್ಪೂರವೂ ಅದಕ್ಕೆ ವಿಷವೇ. ಸಾಲದ್ದಕ್ಕೆ ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ಅದರ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ತುರಿಕೆಗೆ ಕಾರಣವೂ ಒಂದೇ ಅಲ್ಲ. ಚಿಗಟ ಇರಬಹುದು, ಕಿವಿಯಂಚಿನಿಂದ ಆರಂಭವಾಗುವ ಕಜ್ಜಿ ಇರಬಹುದು, ತಿನ್ನುವ ಆಹಾರ ಒಗ್ಗದಿರಬಹುದು. ಮಕ್ಕಳಿಗೂ ಅಂಟುವ ಹುಳುಕಡ್ಡಿಯೂ ಇರಬಹುದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕಾದದ್ದನ್ನು ಗ್ಯಾಲರಿಯಲ್ಲಿ ನಿಂತು ಹೇಳಲು ನಾವು ಯಾರು?

“ಊರಿನಲ್ಲಿ ಬೆಕ್ಕಿಗೆ ಯಾವ ಡಾಕ್ಟರಿದ್ದ?” ಎಂದು ಹಿರಿಯರು ನಗುತ್ತಾರೆ. ಸರಿ. ಆದರೆ ಊರಿನಲ್ಲಿ ಸತ್ತ ಬೆಕ್ಕುಗಳ ಲೆಕ್ಕವನ್ನು ಯಾರು ಇಟ್ಟಿದ್ದರು? ಊರಲ್ಲಿಲ್ಲದ ಸೌಕರ್ಯ ಈ ನಗರದಲ್ಲಿದೆ. ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ 19ನೆಯ ಶತಮಾನದಿಂದ ಇದೆ. ಮುಂಬಯಿಯ ಪಶುವೈದ್ಯ ಕಾಲೇಜು 1886ರಲ್ಲಿ ಆರಂಭವಾದದ್ದು. ಊರಿನ ಬಸ್ಸಿಗೆ ರಾತ್ರಿಯಿಡೀ ಕಾಯುವ ನಮಗೆ ಪರೇಲು ದೂರವೆನ್ನುವುದು ನೆವವಲ್ಲವೇ?

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೇ? ಇದೆ. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಬೆಕ್ಕಿನ ಮೈ ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲಿಡಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆಗಳವರೆಗೆ ಇಡಬಲ್ಲದು. ಅವು ಬೆಕ್ಕಿನ ಮೈಯಿಂದ ಹಾಸಿಗೆಗೆ, ನೆಲದ ಸಂದಿಗೆ ಉದುರುತ್ತವೆ. ಆದ್ದರಿಂದ ಬೆಕ್ಕು ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ, ಮೂಲೆ ಮೂಲೆ ಗುಡಿಸಿ. ಮದ್ದನ್ನು ಮಾತ್ರ ಪಶುವೈದ್ಯರೇ ಕೊಡಲಿ, ಅದೂ ಬೆಕ್ಕನ್ನು ತೂಗಿ ನೋಡಿ. ತಿಳಿಯದೆ ಏನಾದರೂ ಹಚ್ಚಿ ಬೆಕ್ಕು ನಡುಗತೊಡಗಿದರೆ ಬೆಳಗಾಗಲೆಂದು ಕಾಯಬೇಡಿ. ಹಚ್ಚಿದ ಮದ್ದಿನ ಡಬ್ಬಿಯ ಸಮೇತ ಆ ಕ್ಷಣವೇ ಓಡಿ.

ಹಾಲು ಹಾಕಿ ಸಾಕಿಕೊಂಡ ಮೇಲೆ ಅದು ಮನೆಯ ಜೀವ. ತನಗೇನಾಗುತ್ತಿದೆ ಎಂದು ಅದು ಕನ್ನಡದಲ್ಲೂ ಹೇಳಲಾರದು, ಮರಾಠಿಯಲ್ಲೂ ಹೇಳಲಾರದು. ಇನ್ನು ಮುಂದೆ ನಿಮ್ಮ ಮಾಳಿಗೆಯಲ್ಲಿ ಯಾರಾದರೂ ಬೆಕ್ಕಿಗೆ ಫಿನಾಯಿಲ್ ಹಾಕಿ ಎಂದರೆ ಸುಮ್ಮನಿರಬೇಡಿ. ನಮ್ಮ ಪುಟ್ಟಿಯ ಕಥೆ ಹೇಳಿ.