ಹಳೆಯ ತಪ್ಪೂ ಹೊಸ ಪೌರತ್ವವೂ

ಪರದೇಶದಲ್ಲಿ ನೆಲೆಸಿದ ಮಕ್ಕಳ ವಿಷಯವಾಗಿ ನಮ್ಮ ಓದುಗರು ಕೇಳುವ ಪ್ರಶ್ನೆಗಳಲ್ಲಿ ವಿವಾಹ, ಆಸ್ತಿಗಳ ಮಾತೇ ಹೆಚ್ಚು. ಈ ತಿಂಗಳು ತಾಯಿಯೊಬ್ಬರು ಕೇಳಿರುವುದು ಅವುಗಳಿಗಿಂತ ಸೂಕ್ಷ್ಮವಾದುದು. ಅಮೇರಿಕೆಯಲ್ಲಿ ವ್ಯಾಸಂಗಮಾಡುತ್ತಿದ್ದಾಗ ಅವರ ಮಗನು ಅಂಗಡಿಯಿಂದ ಅಲ್ಪ ಬೆಲೆಯ ವಸ್ತುವೊಂದನ್ನು ಹಣ ಕೊಡದೆ ತಂದು ಸಿಕ್ಕಿಬಿದ್ದನು. ತಪ್ಪೊಪ್ಪಿ ದಂಡ ತೆತ್ತನು. ಬಳಿಕ ನ್ಯಾಯಾಲಯವು ಆ ದಾಖಲೆಯನ್ನು ಅಳಿಸಿಯೂ ಹಾಕಿತು. ಹನ್ನೊಂದು ವರ್ಷಗಳ ಮೇಲೆ, ಗ್ರೀನ್ ಕಾರ್ಡು ಪಡೆದು ಸಂಸಾರವಂದಿಗನಾದ ಆತನು ಅಲ್ಲಿಯ ಪೌರತ್ವವನ್ನು ಬೇಡಬೇಕೆಂದಿರುವನು. “ಅಳಿಸಿದ್ದನ್ನು ಮತ್ತೆ ಬರೆಯುವುದೇಕೆ?” ಎಂದು ಸ್ನೇಹಿತರು ಹೇಳುತ್ತಿರುವರಂತೆ. ಅವರ ಮಾತು ಸರಿಯೆ?

ಸರಿಯಲ್ಲವೆಂದು ಮೊದಲೇ ಹೇಳಿಬಿಡುವೆವು. ದಾಖಲೆಯನ್ನು ಅಳಿಸಿದುದು ಒಂದು ಸಂಸ್ಥಾನದ ನ್ಯಾಯಾಲಯ; ಪೌರತ್ವವನ್ನು ಕೊಡತಕ್ಕುದು ಕೇಂದ್ರ ಸರ್ಕಾರ. ಮೊದಲನೆಯದರ ಕ್ಷಮೆಯು ಎರಡನೆಯದನ್ನು ಸಾಮಾನ್ಯವಾಗಿ ಕಟ್ಟಿಹಾಕದು. ದಾಖಲೆಯು ಅಳಿಸಿಹೋಗಿದ್ದರೂ ಬಂಧನವನ್ನೂ ಅಪರಾಧವನ್ನೂ ತಿಳಿಸಬೇಕೆಂದು ಎನ್-೪೦೦ ಎಂಬ ಅರ್ಜಿಯಲ್ಲಿಯೇ ವಿಧಿಸಿದೆ. ಅರ್ಜಿದಾರನ ಬೆರಳ ಗುರುತುಗಳು ಕೇಂದ್ರದ ತನಿಖಾ ಇಲಾಖೆಗೆ ಹೋಗುತ್ತವೆ. ಅನಂತರ ಅಧಿಕಾರಿಯು ಪ್ರಮಾಣಮಾಡಿಸಿ ಬಾಯಿಮಾತಿನಲ್ಲಿಯೂ ಕೇಳುವನು. ಪೌರತ್ವದ ಆಸೆಯಿಂದ ಆಗ ಸುಳ್ಳಾಡಿದವನಿಗೆ ಸಚ್ಚಾರಿತ್ರ್ಯವಿಲ್ಲವೆನ್ನಲು ಆ ಸುಳ್ಳೊಂದೇ ಸಾಕು. ಅದು ಅಲ್ಪ ವಿಷಯದ್ದಾದರೂ ಸರಿಯೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ಹೇಳಿತು. ವಂಚನೆಯಿಂದ ದೊರೆತ ಪೌರತ್ವವನ್ನು ಎಷ್ಟೋ ವರ್ಷಗಳ ಮೇಲೆ ಕಸಿದುಕೊಂಡದ್ದೂ ಉಂಟು.

ಸಚ್ಚಾರಿತ್ರ್ಯದ ಈ ನಿಬಂಧನೆ ಬಹು ಹಳೆಯದು. ೧೭೯೦ರ ಕಾಯಿದೆಯಲ್ಲಿಯೇ ಇದೆ. ಅದೇ ಕಾಯಿದೆಯು ಪೌರತ್ವವನ್ನು ಬಿಳಿಯರಿಗಷ್ಟೇ ಮೀಸಲಿಟ್ಟಿದ್ದುದರಿಂದ, ೧೯೪೬ರವರೆಗೆ ಹಿಂದೂಸ್ಥಾನದವರು ಎಂಥ ಸಚ್ಚರಿತರಾದರೂ ಅದರ ಹೊಸ್ತಿಲಲ್ಲಿಯೇ ನಿಲ್ಲಬೇಕಾಗಿದ್ದಿತು. ಆ ಮಾತು ಹಾಗಿರಲಿ. ಈಗ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಐದು ವರ್ಷಗಳ ನಡತೆಯನ್ನು ನೋಡುವರು. ಅಮೇರಿಕದ ಪ್ರಜೆಯನ್ನು ಮದುವೆಯಾಗಿ ಆ ಸಂಬಂಧದಿಂದ ಬೇಡುವವರಿಗೆ ಮೂರು ವರ್ಷ. ಅದಕ್ಕೂ ಹಿಂದಿನದನ್ನು ನೋಡಬಾರದೆಂದೇನೂ ಇಲ್ಲ. ಕೊಲೆಗೆ ಶಿಕ್ಷೆಯಾದವನಿಗೂ, ೧೯೯೦ರ ನವೆಂಬರ್ ೨೯ರಿಂದೀಚೆಗೆ ‘ಉಲ್ಬಣ ಅಪರಾಧ’ವೆಂದು ಕಾಯಿದೆ ಕರೆಯುವ ವರ್ಗಕ್ಕೆ ಶಿಕ್ಷೆಯಾದವನಿಗೂ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆಯೇ. ಈ ಹೆಸರು ಮೋಸಗೊಳಿಸುವಂಥದು. ೧೯೯೬ರ ತಿದ್ದುಪಡಿಯ ಮೇಲೆ, ಒಂದು ವರ್ಷದ ಸೆರೆಯನ್ನು ವಿಧಿಸಿದ ಕಳವೂ ಇದರೊಳಗೆ ಸೇರುವುದು. ಆ ಸೆರೆಯನ್ನು ಅಮಾನತಿನಲ್ಲಿಟ್ಟು ಒಂದು ದಿನವೂ ಒಳಗೆ ಕೂಡಿಸದಿದ್ದರೂ ಸೇರುವುದು!

ಆದಕಾರಣ ಸತ್ಯವನ್ನು ಬರೆಯಬೇಕೆಂದರೆ ನಾಳೆಯೇ ಅರ್ಜಿ ಹಾಕಬೇಕೆಂದು ಅರ್ಥವಲ್ಲ. ಅರ್ಜಿಯು ಹಳೆಯ ಕಡತವನ್ನು ತಾನಾಗಿ ಅಧಿಕಾರಿಯ ಮೇಜಿನ ಮೇಲಿಡುವುದು. ಪೌರತ್ವ ಕೇಳಲು ಹೋದವನು ಗಡೀಪಾರಿನ ನೋಟೀಸನ್ನು ಹಿಡಿದು ಬರುವ ಸಂಭವವುಂಟು. ಪ್ರಕೃತ ವಿಷಯದಲ್ಲಿ ಕಳವು ಸಣ್ಣದು, ಒಂದೇ ಸಲದ್ದು. ಆದರೆ ಕಾಯಿದೆಯು ಕೊಟ್ಟ ಶಿಕ್ಷೆಯನ್ನಷ್ಟೇ ನೋಡುವುದಿಲ್ಲ, ಕೊಡಬಹುದಾಗಿದ್ದ ಶಿಕ್ಷೆಯನ್ನೂ ಎಣಿಸುವುದು. ದೇಶವನ್ನು ಪ್ರವೇಶಿಸಿದ ಐದು ವರ್ಷಗಳೊಳಗೆ ಮಾಡಿದ ನೀತಿಗೆಟ್ಟ ಅಪರಾಧಕ್ಕೆ ಒಂದು ವರ್ಷದ ಸೆರೆ ವಿಧಿಸಬಹುದಾಗಿದ್ದರೆ ಅದು ಗಡೀಪಾರಿಗೆ ಕಾರಣವಾಗಬಹುದು. ಇದೇ ಕಾರಣದಿಂದ ವಾಷಿಂಗ್ಟನ್ ಸಂಸ್ಥಾನವು ೨೦೧೧ರಲ್ಲಿಯೂ, ಕ್ಯಾಲಿಫೋರ್ನಿಯವು ೨೦೧೫ರಿಂದಲೂ, ನ್ಯೂಯಾರ್ಕ್ ೨೦೧೯ರಲ್ಲಿಯೂ ಸಣ್ಣ ಅಪರಾಧಗಳ ಪರಮಾವಧಿ ಶಿಕ್ಷೆಯನ್ನು ೩೬೪ ದಿನಗಳಿಗೆ ಇಳಿಸಿದವು. ಒಂದೇ ದಿನದ ಅಂತರ. ಆ ದಿನದ ಮೇಲೆ ಒಂದು ಸಂಸಾರದ ಉಳಿವು ನಿಂತಿರುವುದು. ಮಗನ ತಪ್ಪು ಯಾವ ಸಂಸ್ಥಾನದಲ್ಲಿ, ಯಾವ ಕಲಮಿನ ಕೆಳಗೆ ನಡೆಯಿತೆಂಬುದನ್ನು ನೋಡದೆ ಯಾರೂ ಧೈರ್ಯ ಹೇಳಲಾರರು. ಇದು ಸ್ನೇಹಿತರಿಂದಾಗತಕ್ಕ ಕೆಲಸವಲ್ಲ. ವಲಸೆಯ ಕಾಯಿದೆಯನ್ನೂ ಅಪರಾಧದ ಕಾಯಿದೆಯನ್ನೂ ಬಲ್ಲ ವಕೀಲರಿಂದಲೇ ಆಗತಕ್ಕುದು. ತಪ್ಪೊಪ್ಪಿದರೆ ಗಡೀಪಾರಿನ ಭಯವುಂಟೆಂದು ವಿದೇಶೀಯ ಕಕ್ಷಿಗಾರನಿಗೆ ಆತನ ವಕೀಲನು ತಿಳಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ತೀರ್ಮಾನಿಸಿತು. ಆದುದರಿಂದ ಅಂದು ಯಾರು ಏನು ಹೇಳಿದರೆಂಬುದನ್ನೂ ಮಗನು ನೆನಪಿಗೆ ತಂದುಕೊಳ್ಳಲಿ.

ಇನ್ನೊಂದು ಮಾತನ್ನು ತಾಯಿಯವರು ಬರೆದಿಲ್ಲ. ಆದರೆ ಅದೇ ಮುಖ್ಯವಾದುದು. ಗ್ರೀನ್ ಕಾರ್ಡಿನ ಅರ್ಜಿಯಲ್ಲಿಯೂ ಬಂಧನದ ಪ್ರಶ್ನೆ ಇದ್ದಿತು. ಅಲ್ಲಿ ಆತನು ಏನೆಂದು ಉತ್ತರಿಸಿರುವನು? ‘ಇಲ್ಲ’ವೆಂದು ಬರೆದಿದ್ದರೆ ವಕೀಲರ ಮುಂದೆ ಮೊದಲು ಇಡತಕ್ಕುದು ಕಳವಿನ ಕಥೆಯನ್ನಲ್ಲ, ಈ ‘ಇಲ್ಲ’ವನ್ನು.

ಗುಣದ ಕಡೆಗೂ ಸಾಕ್ಷ್ಯ ಬೇಕು. ೨೦೨೫ರ ಆಗಸ್ಟಿನಲ್ಲಿ ಹೊರಟ ಇಲಾಖೆಯ ಆಜ್ಞೆಯಂತೆ ತಪ್ಪಿಲ್ಲದಿರುವುದೊಂದೇ ಸಾಲದು; ದುಡಿಮೆ, ಓದು, ತೆರಿಗೆ, ಸಂಸಾರಪೋಷಣೆ, ನೆರೆಹೊರೆಯ ಸೇವೆಗಳನ್ನೂ ಅಧಿಕಾರಿಗಳು ತೂಗಿ ನೋಡತಕ್ಕುದು. ಬಂಧನದ ಕಾಗದ, ನ್ಯಾಯಾಲಯದ ತೀರ್ಪಿನ ದೃಢೀಕೃತ ನಕಲು, ದಂಡ ತೆತ್ತ ರಶೀತಿ, ಇಷ್ಟನ್ನು ಈಗಲೇ ತರಿಸಿಡಬೇಕು. ಕಡತವೇ ನಾಶವಾಗಿದ್ದರೆ ‘ದಾಖಲೆ ಉಳಿದಿಲ್ಲ’ವೆಂಬ ಪತ್ರವನ್ನು ಅದೇ ನ್ಯಾಯಾಲಯದಿಂದ ಬರೆಯಿಸಿಕೊಳ್ಳುವುದು. ಅರ್ಜಿಯು ತಿರಸ್ಕೃತವಾದರೆ ಮೂವತ್ತು ದಿನಗಳೊಳಗೆ ಮರುವಿಚಾರಣೆಯನ್ನು ಕೇಳಬಹುದು. ಆ ಗಡುವು ಮೀರದಂತೆ ಎಚ್ಚರವಿರಲಿ.