ಮಳೆ ಲೆಕ್ಕಕ್ಕೆ ಆಕ್ ಸಾಕು: ಆಕ್ಷೇಪಗಳಿಗೊಂದು ಪ್ರತ್ಯುತ್ತರ

ಮಗ್ಗೆ, ಆಲೂರು, ಸಕಲೇಶಪುರದ ಕಡೆ ಕಾಫಿ ತೋಟವಿರುವ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇಲ್ಲದಿರುವುದು ಅಪರೂಪ. ಬೆಳಿಗ್ಗೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುವುದು ರೂಢಿ. ಅದರ ಜೊತೆಗೆ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಹೀಗೆ ನಿಲ್ಲದೆ ಹರಿದು ಬರುವ ಸಾಲುಗಳನ್ನು ಸೋಸಿ, ಕೂಡಿಸಿ, ಬೇಕಾದ್ದನ್ನು ಹೇಳಲು ಆಕ್ ಎಂಬ ಪುಟ್ಟ ಕಮಾಂಡ್ ಸಾಕು ಎಂಬುದು ನನ್ನ ವಾದ. ಇದಕ್ಕೆ ಬಂದ ಆಕ್ಷೇಪಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇನೆ. ತೀರ್ಪು ಅವರದು.

ಮೊದಲನೆಯದು, ಆಕ್ ಹಳೆಯದು, ಕೈಬಿಟ್ಟ ಸಾಮಾನು ಎಂಬುದು. ಹಳೆಯದು ಹೌದು. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಲ್ಫ್ರೆಡ್ ಆಹೊ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಹಾನ್ ಸೇರಿ ಕಟ್ಟಿದ್ದು. ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಕೈಬಿಟ್ಟದ್ದು ಎಂಬುದು ಮಾತ್ರ ಸುಳ್ಳು. ಎಂಬತ್ತರ ವಯಸ್ಸಿನಲ್ಲಿ ಕರ್ನಿಹಾನ್ ತಾವೇ ಕೂತು ಅದಕ್ಕೆ ಯೂನಿಕೋಡ್ ಸೇರಿಸಿದರು. 2023ರಲ್ಲಿ ಅವರ ಆಕ್ ಪುಸ್ತಕದ ಎರಡನೇ ಆವೃತ್ತಿಯೂ ಬಂತು. ಲೆಕ್ಕ ತಪ್ಪಾಗಿದ್ದರೆ ತೋರಿಸಲಿ. ಹುಟ್ಟಿದ ವರ್ಷ ತೋರಿಸುವುದು ವಾದವಾಗುವುದಿಲ್ಲ.

ಇವರೇ ಮರುಕ್ಷಣ ಹೇಳುವ ಮಾತು: ಎಲ್ಲ ಕಂಪ್ಯೂಟರಲ್ಲೂ ನಡೆಯುತ್ತದೆ ಅನ್ನುವುದು ಬರಿಯ ಪ್ರಚಾರ, ಆಕ್‌ಗೆ ನಾಲ್ಕಾರು ಅವತಾರಗಳಿವೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಯಾರೂ ನೋಡಿಕೊಳ್ಳದ ಸಾಮಾನಿಗೆ ಅಷ್ಟೊಂದು ಅವತಾರ ಬಂದದ್ದಾದರೂ ಹೇಗೆ? ಗಾಕ್, ಮಾಕ್, ಬ್ಯುಸಿಬಾಕ್ಸ್‌ನೊಳಗಿನ ಆಕ್ ಇವುಗಳ ನಡುವೆ ವ್ಯತ್ಯಾಸ ಇರುವುದು ನಿಜ. ಅದು ಅವರವರು ಮೇಲೆ ಸೇರಿಸಿಕೊಂಡ ಸೌಲಭ್ಯಗಳಲ್ಲಿ. ಪಾಸಿಕ್ಸ್ ಮಾನದಂಡ ಹೇಳಿದಷ್ಟನ್ನೇ ಬಳಸಿದರೆ ಅದೇ ಸಾಲು ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ, ಆಂಡ್ರಾಯ್ಡ್ ಫೋನಿನ ಟರ್ಮಕ್ಸ್ ಆ್ಯಪ್‌ನಲ್ಲಿ ನಡೆಯುತ್ತದೆ. ಮಳೆ ಕೂಡಿಸಲು ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಎಲ್ಲರೂ ನೆಚ್ಚಿಕೊಂಡಿರುವ ಆಕ್ಷೇಪ ಮೂರನೆಯದು: ಎಕ್ಸೆಲ್ ಇರುವಾಗ ಇದೆಲ್ಲ ಯಾಕೆ? ಮೂರು ಇಂಚು ಹನ್ನೆರಡು ಸೆಂಟ್ ಮಳೆಯನ್ನು ಪುಸ್ತಕದಲ್ಲಿ ಬರೆದಂತೆ 3-12 ಎಂದು ಎಕ್ಸೆಲ್‌ನ ಮನೆಯೊಂದರಲ್ಲಿ ಒತ್ತಿ ನೋಡಿ. ನಮ್ಮ ದೇಶದ ದಿನಾಂಕ ಕ್ರಮಕ್ಕೆ ಹೊಂದಿಸಿದ್ದರೆ ಅದು ಡಿಸೆಂಬರ್ 3 ಆಗಿ ಕೂರುತ್ತದೆ. ಕೇಳಲಿಲ್ಲ, ಹೇಳಲಿಲ್ಲ, ಮಳೆ ತಾರೀಖಾಯಿತು. ಆಕ್ ಅಂಥ ಸ್ವಂತ ಬುದ್ಧಿ ಓಡಿಸುವುದಿಲ್ಲ. ಅಡ್ಡಗೆರೆಯಲ್ಲಿ ಒಡೆ, ಮೊದಲ ಭಾಗವನ್ನು ನೂರರಿಂದ ಗುಣಿಸಿ ಎರಡನೆಯದನ್ನು ಕೂಡು ಎಂದರೆ 312 ಸೆಂಟ್ ಎನ್ನುತ್ತದೆ.

ಇನ್ನು ಗಾತ್ರ. ಎಕ್ಸೆಲ್ ಹಾಳೆಯಲ್ಲಿ ಹಿಡಿಸುವುದು 10,48,576 ಸಾಲು. ಒಂದು ಮಾಪಕದಿಂದ ದಿನಕ್ಕೆ 96 ಸಾಲು. ರಾಜ್ಯದಲ್ಲಿರುವ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿಂದ ದಿನಕ್ಕೆ ಐದೂಮುಕ್ಕಾಲು ಲಕ್ಷ ಸಾಲಿಗೂ ಮೇಲೆ. ಎರಡನೇ ದಿನ ಮುಗಿಯುವುದರೊಳಗೆ ಹಾಳೆ ತುಂಬಿತು. ಇಷ್ಟು ಹೇಳಿದ ಕೂಡಲೇ 'ನಮಗೆ ಬೇಕಾದ್ದು ನಮ್ಮೂರಿನದಷ್ಟೇ' ಎಂದು ಜಾರಿಕೊಳ್ಳುತ್ತಾರೆ. ಸರಿ, ಆ ನಮ್ಮೂರಿನ ಸಾಲುಗಳನ್ನು ರಾಶಿಯಿಂದ ಹೆಕ್ಕುವುದು ಯಾವುದರಿಂದ? ಹಾಳೆಯ ಮಿತಿ ಬರಿಯ ಪುಸ್ತಕದ ಮಾತೂ ಅಲ್ಲ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಎಕ್ಸೆಲ್ ಮಾದರಿಯ 65,536 ಸಾಲಿನ ಮಿತಿಗೆ ಸಿಕ್ಕಿ 15,841 ಕೋವಿಡ್ ಪ್ರಕರಣಗಳನ್ನು ಸಕಾಲದ ಲೆಕ್ಕದಿಂದ ಕಳೆದುಕೊಂಡಿತು.

ಮಳೆಯ ದಿನ ಮುಗಿಯುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಎಕ್ಸೆಲ್‌ನಲ್ಲಿ ತಾರೀಖಿನ ಮೇಲೆ ಗುಂಪು ಮಾಡಿದರೆ ಒಂದೇ ಮಳೆದಿನದ ಲೆಕ್ಕ ಎರಡು ತಾರೀಖಿಗೆ ಒಡೆದು ಹೋಗುತ್ತದೆ. ಸರಿಪಡಿಸಬಹುದು, ಅದಕ್ಕೆ ಇನ್ನೊಂದು ಕಾಲಂ, ಇನ್ನೊಂದು ಸೂತ್ರ ಬೇಕು. ಆಕ್‌ಗೆ ಕೊಡುವ ಅಪ್ಪಣೆ ಇಷ್ಟೇ: ಬಂದ ಸಾಲನ್ನು ಮೊತ್ತಕ್ಕೆ ಸೇರಿಸುತ್ತಾ ಹೋಗು, 8.30ರ ಸಾಲು ಬಂತೋ, ಮೊತ್ತ ಬರೆದು ಸೊನ್ನೆಯಿಂದ ಶುರು ಮಾಡು. ಓದಿದ ಸಾಲನ್ನು ಅದು ಹೊತ್ತುಕೊಂಡು ಕೂರುವುದಿಲ್ಲ. ಹರಿವು ಒಂದು ದಿನದ್ದಿರಲಿ, ಹತ್ತು ವರ್ಷದ್ದಿರಲಿ, ಅದರ ನೆನಪಿನಲ್ಲಿರುವುದು ಒಂದು ಸಾಲು, ಒಂದು ಮೊತ್ತ.

ನಾಲ್ಕನೆಯವರು ಆ್ಯಪ್ ಪಕ್ಷ: ಎಲ್ಲ ಕ್ಲೌಡ್‌ನಲ್ಲಿದೆ, ಮೊಬೈಲಿನಲ್ಲೇ ಗ್ರಾಫ್ ಬರುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಲಿ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಅಂಕಿ ಬೇಕೆನಿಸುವ ಹೊತ್ತಿಗೇ ಕೈಕೊಡುವ ಏರ್ಪಾಡಿದು. ಮೇಲಾಗಿ, ಗ್ರಾಫ್ ಮಾಡಿದವನು ಯೋಚಿಸಿದ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ. ರೊಬಸ್ಟಾ ಬೆಳೆಗಾರ ಮಾರ್ಚ್‌ನಲ್ಲಿ ಕೇಳುವುದೇ ಬೇರೆ: ಒಂದು ಇಂಚಿನ ಹೂಮಳೆ ಆಗಿ ಎಷ್ಟು ದಿನವಾಯಿತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಗೆ ಇನ್ನೂ ಕಾಯಲೋ, ಸ್ಪ್ರಿಂಕ್ಲರ್ ಹಾಕಲೋ? ಆ ವರ್ಷದ ಫಸಲು ಈ ಲೆಕ್ಕದ ಮೇಲಿರುತ್ತದೆ. ಫೋನಿನಲ್ಲೇ ಉಳಿಸಿಟ್ಟ ಕಡತ, ಅದರ ಮೇಲೆ ಆಕ್‌ನ ಎರಡು ಸಾಲು. ಟವರ್ ಇದ್ದರೂ ಇಲ್ಲದಿದ್ದರೂ ಉತ್ತರ ಸಿಗುತ್ತದೆ.

ದೊಡ್ಡ ದತ್ತಾಂಶಕ್ಕೆ ದೊಡ್ಡ ವ್ಯವಸ್ಥೆಯೇ ಬೇಕು ಎನ್ನುವವರಿಗೆ ಉತ್ತರ 2014ರಲ್ಲೇ ಸಿಕ್ಕಿದೆ. ಏಳು ಯಂತ್ರಗಳ ಹಡೂಪ್ ಸಮೂಹ 1.75 ಜಿಬಿ ಚದುರಂಗದ ದಾಖಲೆ ಎಣಿಸಲು 26 ನಿಮಿಷ ತೆಗೆದುಕೊಂಡಿತ್ತು. ಆಡಂ ಡ್ರೇಕ್ ಎಂಬಾತ ಅದೇ ಬಗೆಯ ಕಡತಗಳನ್ನು ಮಾಕ್ ಬಳಸಿ ಒಂದೇ ಲ್ಯಾಪ್‌ಟಾಪಿನಲ್ಲಿ 12 ಸೆಕೆಂಡಿನಲ್ಲಿ ಎಣಿಸಿ ತೋರಿಸಿದ.

ಕೊನೆಯದು, ಕನ್ನಡಕ್ಕೆ ಇದು ಒಗ್ಗುವುದಿಲ್ಲ ಎಂಬುದು. ಇದರಲ್ಲಿ ಮಾತ್ರ ಒಂದಿಷ್ಟು ಹುರುಳಿದೆ. 'ಮಗ್ಗೆ' ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡ್ ಬಲ್ಲ ಗಾಕ್‌ಗೆ ಉದ್ದ ಕೇಳಿದರೆ 5 ಎನ್ನುತ್ತದೆ, ಬೈಟ್ ಎಣಿಸುವ ಮಾಕ್ 15 ಎನ್ನುತ್ತದೆ. ಆದರೆ ಮಗ್ಗೆಯ ಮಳೆ ಕೂಡಿಸುವವನು ಮಗ್ಗೆಯ ಅಕ್ಷರ ಎಣಿಸುವುದಿಲ್ಲ. ಈ ಸಾಲಿನ ಹೆಸರೂ ಆ ಸಾಲಿನ ಹೆಸರೂ ಒಂದೇನೋ ಎಂದು ನೋಡುತ್ತಾನೆ, ಅದನ್ನು ಮೇಲೆ ಹೇಳಿದ ಮೂರೂ ಆಕ್ ಸರಿಯಾಗಿಯೇ ಮಾಡುತ್ತವೆ. ಅಪಾಯ ಇರುವುದು ಬೇರೆ ಕಡೆ, ಆಕ್ಷೇಪಿಸಿದವರು ಅದನ್ನು ಗಮನಿಸಿಯೇ ಇಲ್ಲ. ೩೧೨ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಕೂಡಿಸು ಎಂದರೆ ಆಕ್ ತೆಪ್ಪಗೆ ಸೊನ್ನೆ ಎಂದುಕೊಳ್ಳುತ್ತದೆ. ಹಾಗಾಗಿ ಆಕ್‌ಗೆ ಮೊದಲು ಪೈಪಿನಲ್ಲಿ ಸೆಡ್ ಎಂಬ ಅಕ್ಷರ ಬದಲಿಸುವ ಕಮಾಂಡ್ ಕೂರಿಸಿ, ೦ಯಿಂದ ೯ರವರೆಗಿನ ಹತ್ತು ಅಂಕಿಗಳನ್ನು 0ಯಿಂದ 9ರವರೆಗಿನ ಅಂಕಿಗಳಿಗೆ ಬದಲಿಸುವ ಒಂದು ಅಪ್ಪಣೆ ಕೊಡಬೇಕು. ಅಜ್ಜನ ಕಾಲದ ಪುಸ್ತಕದಲ್ಲಿದ್ದಂತೆ ಬೆರಳಚ್ಚು ಮಾಡಿದ ಕನ್ನಡ ಅಂಕಿಗಳೂ ಆಮೇಲೆ ಈ ವರ್ಷದ ಮಳೆಯ ಜೊತೆ ಒಂದೇ ಮೊತ್ತಕ್ಕೆ ಸೇರುತ್ತವೆ.